ಸೂರ್ಯನಿಗೆ ಎದುರಾಗಿ ತೆಗೆದ ಪಟ

ಹೋದ ವಾರ ನಮ್ಮ ಮನೆಯಲ್ಲಿ ಕೂಸಿಗೆಂದು ಕಾಡಿಗೆ ಹಿಡಿದರು. ಹರಳೆಣ್ಣೆಯ ದೀಪ, ಅದರ ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ, ತಟ್ಟೆಯ ತಳಕ್ಕೆ ಮೆಲ್ಲಗೆ ಕೂಡುತ್ತಿದ್ದ ಕಪ್ಪು. ನಾನು ಹೊರಗಿನ ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದೆ. ವಾಸನೆ ಬಂತು. ಪತ್ರಿಕೆ ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ಆ ವಾಸನೆಗೆ ಬೇರೆಯವರಿಗೆ ತೊಟ್ಟಿಲು ನೆನಪಾದೀತು. ನನಗೆ ನೆನಪಾದದ್ದು ಕ್ಯಾಮೆರಾ.

ಲಿಂಗಸುಗೂರಿನಲ್ಲಿ ಫೋಟೋ ತೆಗೆಯುವವರೊಬ್ಬರಿದ್ದರು. ನಿಜಾಮರ ಕಾಲ, ಎಲ್ಲೋ ದೂರದಲ್ಲಿ ಯುದ್ಧ ನಡೆದು ಇಲ್ಲಿ ಸೀಮೆಎಣ್ಣೆ ಸಿಗದಂತಾಗಿದ್ದ ವರ್ಷಗಳು. ಊರವರಿಗೆ ಅವರು ಫೋಟೋ ಸಾಹೇಬರು. ನನಗೆ ಕಾಕಾ. ನಾನು ಹೈದರಾಬಾದಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ರಜೆಗೆ ಮಸ್ಕಿಗೆ ಬಂದಾಗಲೆಲ್ಲ ಏನಾದರೊಂದು ನೆಪ ಮಾಡಿಕೊಂಡು ಲಿಂಗಸುಗೂರಿಗೆ ಹೋಗಿ ಅವರ ಅಂಗಡಿಯಲ್ಲಿ ಕೂರುತ್ತಿದ್ದೆ. ಮೊದಲ ಸಲ ಹೋದಾಗ ಅವರು ಕಾಡಿಗೆ ಹಿಡಿಯುತ್ತಿದ್ದರು. ಚಹಾಪುಡಿಯ ತಗಡಿನ ಡಬ್ಬಿಯೊಂದರ ತಳ ಬಾಯಿ ಎರಡನ್ನೂ ಕತ್ತರಿಸಿ ಕೊಳವೆ ಮಾಡಿದ್ದರು. ಅದರ ಒಳಮೈಗೆ ದೀಪದ ಕಪ್ಪನ್ನು ಜಾಲಿಯ ಅಂಟಿನಲ್ಲಿ ಕಲಸಿ ಬಳಿಯುತ್ತಿದ್ದರು.

"ಎಣ್ಣ್ಯಾಗ ಕಲಸಿದ್ರ ಸಲೀಸು ಆಗ್ತಿತ್ತಲ್ಲ ಕಾಕಾ?" ಎಂದೆ.

"ಎಣ್ಣಿ ಮಿಂಚ್ತದ. ಮಿಂಚೋದು ನನಗ ಬ್ಯಾಡ. ಇದು ಕುರುಡ ಆಗ್ಬೇಕು, ಪೂರಾ ಕುರುಡ."

ಆ ಡಬ್ಬಿಯನ್ನು ಕ್ಯಾಮೆರಾದ ಗಾಜಿನ ಮುಂದೆ ಸಿಕ್ಕಿಸುತ್ತಿದ್ದರು. ಬಿಸಿಲಿಗೆ ಎದುರಾಗಿ ಪಟ ತೆಗೆಯುವಾಗ ಸೂರ್ಯನ ಕಿರಣ ನೇರ ಗಾಜಿನ ಮೇಲೆ ಬಿದ್ದರೆ ಪಟದ ತುಂಬ ಮಂಜು ಕವಿಯುತ್ತದೆ, ಎಲ್ಲೆಂದರಲ್ಲಿ ಬೆಳಕಿನ ಬಿಲ್ಲೆಗಳು ಏಳುತ್ತವೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಎಲ್ಲರಿಗೂ ಗೊತ್ತು. ಆಗ ನಮ್ಮ ಮೂರು ಊರುಗಳಲ್ಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ, ಇದು ಗೊತ್ತಿದ್ದವರು ಅವರೊಬ್ಬರೇ ಇದ್ದಿರಬೇಕು.

"ಸೂರ್ಯ ಭಾಳ ಚಾಲಾಕ್ ಅದಾನ ತಮ್ಮಾ. ಗಾಜಿನೊಳಗ ಹೊಕ್ಕಾಂದ್ರ ಅಲ್ಲೇ ಮರಿ ಹಾಕ್ತಾನ. ಒಂದಲ್ಲ, ನಾಕೈದು."

ನಾನು ಸುಮ್ಮನಿರಲಿಲ್ಲ. ನಮಗೆ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. "ಮರಿ ಅಲ್ಲ ಕಾಕಾ, ಅದಕ್ಕ ಇನ್‌ಇಕಾಸ್ ಅಂತಾರ. ಪ್ರತಿಫಲನ. ಗಾಜಿನ ಒಂದು ಮೈಗೆ ಬಡಿದ ಬೆಳಕು ಇನ್ನೊಂದು ಮೈಗೆ ಬಡಿದು ತಿರುಗಿ..." ಎಂದು ಉಪನ್ಯಾಸ ಶುರುಮಾಡಿದೆ. ಅವರು ಡಬ್ಬಿ ತಿರುಗಿಸುತ್ತ ಪೂರ್ತಿ ಕೇಳಿದರು.

"ಆತು. ನೀ ಇನ್‌ಇಕಾಸ್ ಅನ್ನು, ನಾ ಮರಿ ಅಂತೀನಿ. ಹುಟ್ಟಲಾರದಂಗ ನೋಡ್ಕೊಳ್ಳೋ ಕೆಲಸ ಇಬ್ಬರಿಗೂ ಒಂದೇ."

ಈ ಮಾತನ್ನು ಅವರು ಹೀಗೇ ಆಡಿದರೇ? ಪ್ರಮಾಣ ಮಾಡಲಾರೆ. ಅರವತ್ತು ವರ್ಷಕ್ಕೂ ಮೇಲೆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗಿದರೆ ಅದರ ಮೂಲೆಗಳೆಲ್ಲ ಸವೆದು ದುಂಡಗಾಗುತ್ತವೆ. ನೆನಪನ್ನು ನಾನು ನಂಬುವುದಿಲ್ಲ. ನಂಬದೆ ಇರುವುದನ್ನೇ ನಾನು ಆ ಕಾಲೇಜಿನಲ್ಲಿ ಕಲಿತದ್ದು. ಆದ್ದರಿಂದ ಈ ಬರಹಕ್ಕೆ ಕೂರುವ ಮೊದಲು ಪರೀಕ್ಷಿಸಬಹುದಾದದ್ದನ್ನೆಲ್ಲ ಪರೀಕ್ಷಿಸಿದೆ. ಗೋಡೆಯ ಮೇಲಿನ ಪಟ ಇಳಿಸಿದೆ, ಭೂಪಟ ಹಾಸಿದೆ, ದಾರ ಹಿಡಿದೆ. ಸಿಕ್ಕದ್ದನ್ನು ನೋಡಿ ರಾತ್ರಿ ಊಟ ಮರೆತೆ. ಅದನ್ನು ಹೇಳುತ್ತೇನೆ.

ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಅದುವರೆಗೆ ಒಮ್ಮೆಯೂ ಪಟ ತೆಗೆಸಿಕೊಂಡಿರಲಿಲ್ಲ. ಅವ್ವ ಕೇಳಿದಾಗಲೆಲ್ಲ "ಇದ್ದ ಮುಖಾನೇ ಸಾಕಾಗೈತಿ, ಇನ್ನೊಂದ್ಯಾಕ?" ಎನ್ನುತ್ತಿದ್ದಳು. ಆ ವರ್ಷ ಯುಗಾದಿಗೆ ಮುಂಚೆ, ಪಾಮನಕಲ್ಲೂರಿನ ಕಡೆಯಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಗುಂಪಿನ ಜೊತೆ ತಾನೂ ಹೋಗುತ್ತೇನೆಂದು ಹಟ ಹಿಡಿದಳು. ವಯಸ್ಸು ಎಪ್ಪತ್ತರ ಆಚೆ. ಮೊಣಕಾಲು ಆಗಲೇ ಕೈಕೊಟ್ಟಿದ್ದವು. ಮನೆಯವರಿಗೆಲ್ಲ ಒಂದೇ ಅಂಜಿಕೆ, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಕೊನೆಗೆ ಅವ್ವ ಅಳುತ್ತ ಒಂದು ಮಾತು ಕೇಳಿದಳು: ಹೋಗುವ ಮೊದಲು ಒಂದು ಪಟ. ಆಯಿ ಒಪ್ಪಿದಳು. ಆದರೆ ಒಂದು ಷರತ್ತು. ಶ್ರೀಶೈಲದ ಮಲ್ಲಯ್ಯನ ಕಡೆಗೆ ಮುಖ ಮಾಡಿಯೇ ಕೂರುವುದು.

ನಾನು ಕಾಕಾನಿಗೆ ಕಾರ್ಡು ಬರೆದೆ. ಯುದ್ಧದಿಂದಾಗಿ, ಪಟ ಮೂಡುವ ಗಾಜಿನ ಪ್ಲೇಟುಗಳು ಸಿಗುತ್ತಿರಲಿಲ್ಲ. ಅವರ ಹತ್ತಿರ ಉಳಿದದ್ದು ಒಂದೇ. ಅದನ್ನು ಯಾರದೋ ಮದುವೆಗೆಂದು ಇಟ್ಟಿದ್ದರಂತೆ. "ಮದುವಿ ಮುಂದಿನ ವರ್ಷನೂ ಆಗ್ತದ, ತರ್ತೀನಿ" ಎಂದು ಉತ್ತರ ಬಂತು. ಬೆಳಿಗ್ಗೆ ತೆಗೆಯುವುದೆಂದು ಗೊತ್ತುಮಾಡಿದೆವು. ಪೂರ್ವಕ್ಕೆ ಮುಖ ಮಾಡಿ ಕೂತವರ ಮೇಲೆ ಬೆಳಗಿನ ಬಿಸಿಲು ಹದವಾಗಿ ಬೀಳುತ್ತದೆ, ತೊಂದರೆಯೇ ಇಲ್ಲ.

ಬೆಳಿಗ್ಗೆ ಬಸ್ಸು ಬರಲಿಲ್ಲ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸುಗಳು ಅವು. ಸಂತೆಕಲ್ಲೂರಿನ ಹತ್ತಿರ ನಿಂತುಬಿಟ್ಟಿತ್ತಂತೆ. ಕಾಕಾ ಕ್ಯಾಮೆರಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋಳದ ಚೀಲ ಹೇರಿದ ಗಾಡಿಯಲ್ಲಿ ಕೂತು ನಮ್ಮ ಬಾಗಿಲಿಗೆ ಬಂದಾಗ ಸಂಜೆಯಾಗಿತ್ತು. ಮರುದಿನ ಬೆಳಕು ಹರಿಯುವ ಮುನ್ನ ಆಯಿ ಹೊರಡಬೇಕು.

ಈಗ ಲೆಕ್ಕ ನೋಡಿ. ಸೂರ್ಯ ಪಶ್ಚಿಮದಲ್ಲಿ. ಆಯಿ ಪೂರ್ವಕ್ಕೆ ಮುಖ ಮಾಡಿದರೆ ಸೂರ್ಯ ಅವಳ ಬೆನ್ನ ಹಿಂದೆ, ಕ್ಯಾಮೆರಾದ ಕಣ್ಣಿಗೆ ನೇರ. ಪ್ಲೇಟು ಒಂದೇ. ಕೆಟ್ಟರೆ ಮುಗಿಯಿತು, ಆಯಿ ಮರಳದಿದ್ದರೆ ಅವಳ ಮುಖ ಯಾರಿಗೂ ಉಳಿಯುವುದಿಲ್ಲ. ನಾನು ಚಡಪಡಿಸುತ್ತ ಅಂಗಳದ ತುಂಬ ಓಡಾಡಿದೆ.

"ಆಯಿ, ಒಂದೇ ಗಳಿಗಿ ಈ ಕಡಿ ತಿರುಗು. ಪಟದಾಗ ದಿಕ್ಕು ಯಾರಿಗೆ ಕಾಣ್ತದ?"

"ನಾಳೆ ಅವನ ಕಡಿ ನಡಿಯಾಕಿ ನಾನು. ಇವತ್ತು ಅವಗ ಬೆನ್ನ ತೋರಸ್ಲೇನೋ? ಪಟದಾಗ ಕಾಣ್ದಿದ್ರ ಬಿಡು, ಅವಗ ಕಾಣ್ತದ."

ಕಾಕಾ ಅಷ್ಟರಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದರು. ಅವಸರವೇ ಇಲ್ಲ. "ಇರ್ಲಿ ಬಿಡು ತಮ್ಮಾ. ಅಮ್ಮಾ, ನೀವು ಪೂರ್ವಕ್ಕ ಕುಂದರ್ರಿ, ನಾ ಪಶ್ಚಿಮಕ್ಕ ನಿಂದರ್ತೀನಿ. ದಿನಾ ಸಂಜಿ ನಮಾಜಿಗೆ ನಾ ಆ ಕಡಿನೇ ನಿಂದ್ರಾವ. ಈ ಸೂರ್ಯ ನನ್ನ ಗುರ್ತಿನವ."

"ಗುರ್ತಿನವ ಇದ್ರ ಒಂದೀಟು ತಡಿಯಾಕ ಹೇಳಪಾ ಅವಗ," ಎಂದಳು ಆಯಿ.

ನನಗೆ ಒಂದು ಉಪಾಯ ಹೊಳೆಯಿತು. ಸೂರ್ಯನನ್ನು ಆಯಿಯ ತಲೆಯ ಹಿಂದೆಯೇ ಅಡಗಿಸಿದರೆ ಗಾಜಿನ ಮೇಲೆ ಕಿರಣ ಬೀಳುವುದೇ ಇಲ್ಲ! ವಿಜ್ಞಾನದ ಪ್ರಕಾರ ಸರಿ. ಕಾಕಾ ಕೂಡ ತಲೆದೂಗಿದರು. ಆದರೆ ತಲೆಯ ಸುತ್ತ ಬೆಳಕಿನ ಚಕ್ರ ಮೂಡುತ್ತದೆ ಎಂದು ಅವರೇ ಆಯಿಗೆ ತಿಳಿಸಿದರು. ತಿಳಿಸದಿದ್ದರೆ ಆಗುತ್ತಿತ್ತು.

"ಚಕ್ರ ಹೊತ್ತಗೊಂಡು ಕುಂದ್ರಾಕ ನಾ ಏನು ಗುಡಿಯಾಗಿನ ದೇವರಾ? ನಾ ಅತ್ಲಾಗ ಹೋದ್ಕೂಡ್ಲೇ ಇತ್ಲಾಗ ಕಾಯಿ ಒಡ್ಯಾಕ ಶುರು ಮಾಡ್ತೀರಿ. ಬ್ಯಾಡ."

ಆಮೇಲೆ ಕಾಕಾ ಮಾಡಿದ್ದನ್ನು ನಾನು ಇವತ್ತಿಗೂ ಬಾಯಿತೆರೆದು ನೆನೆಯುತ್ತೇನೆ. ಮೊದಲು ಜಾಗ. ನಮ್ಮ ಮನೆಯ ಮುಂದಿನ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿತ್ತು. ಅದು ಪಶ್ಚಿಮಕ್ಕೆ ಮುಖ ಮಾಡಿತ್ತು. ಇಳಿಬಿಸಿಲೆಲ್ಲ ಅದರ ಮೇಲೆ. ಆಯಿಯ ಮಣೆಯನ್ನು ಆ ಗೋಡೆಗೆ ಎದುರಾಗಿ ಇಡಿಸಿದರು. ಗೋಡೆಗೆ ಬಿದ್ದ ಬಿಸಿಲು ತಿರುಗಿ ಅವಳ ಮುಖದ ಮೇಲೆ ಬಿತ್ತು, ಹಾಲಿನ ಹಾಗೆ. ನಡುವೆ ಕ್ಯಾಮೆರಾ. ಅದರ ಕಾಲುಗಳನ್ನು ತುಸು ಎತ್ತರಿಸಿ ಮುಖವನ್ನು ಕೆಳಗೆ ಬಾಗಿಸಿದರು, ಸೂರ್ಯ ಪಟದ ಚೌಕದ ಆಚೆಗೆ, ಮೇಲಕ್ಕೆ ಸರಿಯಲಿ ಎಂದು. ಹಳೆಯ ಮೆತ್ತನೆಯ ಧೋತರದ ಚೂರಿನಿಂದ ಗಾಜು ಒರೆಸಿದರು. ಬೆರಳ ಗುರುತು ಒಂದಿದ್ದರೂ ಬೆಳಕು ಅದನ್ನು ಹಿಡಿದು ಹರಡುತ್ತದಂತೆ. ಕಾಡಿಗೆಯ ಡಬ್ಬಿ ಸಿಕ್ಕಿಸಿದರು. ಆಮೇಲೆ ಆಯಿಯ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ಅವಳು ನೋಡುವ ಹಾಗೆಯೇ ಕ್ಯಾಮೆರಾವನ್ನು ನೋಡಿದರು. ಗಾಜಿನ ಮೇಲಂಚಿನಲ್ಲಿ ಬಿಸಿಲಿನ ಒಂದು ಎಳೆ ಇನ್ನೂ ಮಿಂಚುತ್ತಿತ್ತು. ಡಬ್ಬಿ ಸಾಲದು.

"ತಮ್ಮಾ, ಛತ್ರಿ."

ನಾನು ಕ್ಯಾಮೆರಾದ ಪಕ್ಕ ನಿಂತು ಕಪ್ಪು ಛತ್ರಿಯನ್ನು ಓರೆಯಾಗಿ ಹಿಡಿದೆ. ಅದರ ನೆರಳು ಗಾಜನ್ನು ಮುಚ್ಚಬೇಕು, ಛತ್ರಿ ಮಾತ್ರ ಪಟದಲ್ಲಿ ಬರಬಾರದು. ಒಂದು ಬೆರಳು ಆಚೀಚೆಯಾದರೂ ಕೆಟ್ಟಿತು. ಹಿಂದೆ, ಗೋಡೆಯ ಬೆಳಕಿಗೆ ಅಡ್ಡವಾಗದಂತೆ ಬದಿಗೆ, ಓಣಿಯ ಜನವೆಲ್ಲ ಸೇರಿತ್ತು. ಪಕ್ಕದ ಮನೆಯಾಕೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನೋಡ್ರಬೇ, ಹೈದರಾಬಾದಿಗೆ ಹೋಗಿ ಛತ್ರಿ ಹಿಡಿಯೋದು ಕಲ್ತು ಬಂದಾನ."

ಕಾಕಾ ಕರಿ ಬಟ್ಟೆಯೊಳಗೆ ಹೊಕ್ಕು ಹೊರಬಂದರು. ಪ್ಲೇಟು ಹಾಕಿದರು. "ಅಮ್ಮಾ, ಮೂರು ಎಣಿಸ್ತೀನಿ. ಕಲ್ಲಾಗಿ ಕುಂದರ್ರಿ." ಗಾಜಿನ ಮುಚ್ಚಳ ತೆಗೆದರು.

"ಏಕ್."

ಅಷ್ಟು ಜನ ತನ್ನನ್ನೇ ನೋಡುತ್ತ ಮೌನವಾಗಿ ನಿಂತದ್ದು ಆಯಿಗೆ ಹೇಗೆ ಕಂಡಿತೋ... ಬೀಳ್ಕೊಡಲು ಬಂದವರ ಹಾಗೆ ಕಂಡಿರಬೇಕು. ಯಾತ್ರೆಗೆ ಹೊರಟವರು ಮಾಡುವಂತೆ, ಮುಖ ಅಲುಗಿಸದೆ, ತುಟಿಯನ್ನಷ್ಟೇ ಸರಿಸಿ ಮೆಲ್ಲಗೆ ಅಂದಳು:

"ಶರಣು."

ಹಿಂದೆ ಇದ್ದವರೆಲ್ಲ ಒಮ್ಮೆಲೇ "ಶರಣು ಶರಣಾರ್ಥಿ" ಎಂದು ಕೈಜೋಡಿಸಿದರು. ನಾನೂ ಜೋಡಿಸಿದೆ! ದೇವರಿಲ್ಲ ಎಂದು ಹಾಸ್ಟೆಲಿನಲ್ಲಿ ವಾದಮಾಡಿ ಗೆದ್ದವನು, ಮನೆಗೆ ಬಂದಾಗ ವಿಭೂತಿ ಹಚ್ಚಲು ತಕರಾರು ತೆಗೆಯುತ್ತಿದ್ದವನು, ಎರಡೂ ಕೈ ಎತ್ತಿ ಎದೆಗೆ ಜೋಡಿಸಿದೆ. ನಮ್ಮ ಮನೆಯಲ್ಲಿ ನಡಿಗೆ ಕಲಿಯುವ ಮೊದಲೇ ಕಲಿಸುವುದು ಅದನ್ನು. ಹಿರಿಯರು ಶರಣು ಅಂದರೆ ಕೈ ತಾನಾಗಿ ಕೂಡುತ್ತದೆ, ತಲೆಯನ್ನು ಕೇಳುವುದಿಲ್ಲ. ಛತ್ರಿ ಕೆಳಗೆ ಬಿತ್ತು. ಬಿಸಿಲು ನೇರ ಗಾಜಿನ ಮೇಲೆ.

ಕಾಕಾ ಕೂಗಲಿಲ್ಲ. ಬೈಯಲಿಲ್ಲ. ಮುಚ್ಚಳವಿಲ್ಲದ ಕೈಯನ್ನು ಚಾಚಿ, ಅಂಗೈ ಅಗಲಿಸಿ, ಗಾಜಿನ ಮೇಲೆ ನೆರಳು ಹಿಡಿದರು.

"ದೋ," ಎಂದರು. ಅದೇ ದನಿಯಲ್ಲಿ. "ತೀನ್."

ಇಲ್ಲಿ ನನ್ನ ದೊಡ್ಡ ಅನುಮಾನ ಹೇಳಬೇಕು. ಈ ದೃಶ್ಯ ನೆನೆದಾಗಲೆಲ್ಲ ನನಗೆ ನಾನೇ ಕಾಣುತ್ತೇನೆ: ತೆಳ್ಳಗಿನ ಹುಡುಗ, ಜೋಡಿಸಿದ ಕೈ, ಕಾಲಬುಡದಲ್ಲಿ ಛತ್ರಿ. ನನ್ನನ್ನು ನಾನು ಹೊರಗಿನಿಂದ ನೋಡಲು ಹೇಗೆ ಸಾಧ್ಯ? ಹಾಗಾದರೆ ಇದು ಕಂಡದ್ದಲ್ಲ, ಆಮೇಲೆ ಕಟ್ಟಿಕೊಂಡದ್ದು. ಇಲ್ಲದ ಬೆಳಕನ್ನು ಗಾಜು ತನ್ನೊಳಗೇ ಹುಟ್ಟಿಸುವ ಹಾಗೆ ತಲೆಯೂ ಹುಟ್ಟಿಸುತ್ತದೆ. ಆದರೆ ಭೂಪಟದ ಮೇಲೆ ಮಸ್ಕಿಯಿಂದ ಶ್ರೀಶೈಲಕ್ಕೆ ದಾರ ಎಳೆದಾಗ ಅದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಬಿತ್ತು! ಯುಗಾದಿಯ ಹೊತ್ತಿಗೆ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಪಟದಲ್ಲಿ ಆಯಿಯ ನೆರಳು ನೆಟ್ಟಗೆ ನೋಡುವವರ ಕಡೆಗೇ ಚಾಚಿದೆ, ಒಂದಿಷ್ಟೂ ಓರೆಯಿಲ್ಲ. ಅಕ್ಷರ ಬಾರದ ಆಯಿ, ಭೂಪಟ ಕಾಣದ ಆಯಿ, ಗೆರೆ ಎಳೆದ ಹಾಗೆ ಕೂತಿದ್ದಳು. ಇಷ್ಟು ಮಾತ್ರ ನಿಜ. ಇದನ್ನು ನನ್ನಿಂದ ಯಾರೂ ಕಸಿಯಲಾರರು.

ಬೆಳಕು ಹರಿಯುವ ಮುನ್ನ ಆಯಿ ಹೊರಟಳು. ಹತ್ತು ಹದಿನೈದು ದಿನದ ಮೇಲೆ ಕಾಕಾ ತಾವೇ ಪಟ ತಂದರು. ಅವ್ವ ಕಣ್ಣು ಮುಚ್ಚಿಕೊಂಡೇ ಕಾಗದ ಬಿಚ್ಚಿದಳು. ಮುಖ ಬಂದಿತ್ತು. ಸುಕ್ಕು ಸುಕ್ಕೂ ಬಂದಿತ್ತು. ಹಣೆಯ ವಿಭೂತಿಯ ಮೂರು ಗೆರೆ, ಎದೆಯ ಮೇಲೆ ಬೆಳ್ಳಿಯ ಲಿಂಗದ ಕರಡಿಗೆ. ಆದರೆ ಮೇಲಿನ ಮೂಲೆಯಿಂದ ಇಳಿಜಾರಾಗಿ ಮೂರು ಬೆಳಕಿನ ಬಿಲ್ಲೆ ಇಳಿದಿದ್ದವು. ಮೂರನೆಯದು ಸರಿಯಾಗಿ ಕರಡಿಗೆಯ ಮೇಲೆ.

ಪಕ್ಕದ ಮನೆಯಾಕೆ ಕೈಮುಗಿದುಬಿಟ್ಟಳು. "ಲಿಂಗದಾಗಿಂದ ಬೆಳಕು ಬಂದೈತಿ ನೋಡ್ರಿ! ಮಲ್ಲಯ್ಯ ದಾರಿ ತೋರ್ಸಾಕ ಬಂದಾನ." ಓಣಿಯವರು ಒಬ್ಬೊಬ್ಬರಾಗಿ ಬಂದರು. ಕಾಕಾ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು; ಮಲ್ಲಯ್ಯನನ್ನೇ ಪಟದಲ್ಲಿ ಹಿಡಿದವರೆಂದು ಸಿಂಧನೂರಿನ ತನಕ ಹೆಸರಾಗುತ್ತಿತ್ತು.

"ಅಕ್ಕಾರೆ, ಅದು ದೇವರ ಬೆಳಕಲ್ರಿ," ಎಂದರು. "ಸೂರ್ಯನ ಮರಿ ಅವು. ಗಾಜಿಗೆ ಬಿಸಿಲು ಬಿತ್ತು. ನನ್ನ ಕೈ ತಪ್ಪಿತು. ನಾ ನೆರಳು ಸರಿಯಾಗಿ ಮಾಡ್ಲಿಲ್ಲ."

ನನ್ನ ಕೈ ತಪ್ಪಿತು ಎಂದರು. ಹುಡುಗ ಛತ್ರಿ ಬಿಟ್ಟ ಎನ್ನಲಿಲ್ಲ. ಜನವೆಲ್ಲ ಛತ್ರಿಯ ಹಿಂದೆ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು, ಯಾರೂ ನೋಡಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಸತ್ಯ, ಪ್ರಮಾಣ, ಪ್ರಯೋಗ ಎಂದು ಊರೆಲ್ಲ ಭಾಷಣ ಮಾಡುತ್ತಿದ್ದವನಿಗೆ ಒಂದು ವಾಕ್ಯ ಹೊರಡಲಿಲ್ಲ. ಅವರು ನನ್ನತ್ತ ಒಮ್ಮೆ ನೋಡಿದರು ಎಂದು ನೆನಪು. ನೋಡಲಿಲ್ಲವೋ ಏನೋ... ಅದನ್ನು ನಾನೇ ಸೇರಿಸಿರಬಹುದು.

ಆಯಿ ಸಾಯಲಿಲ್ಲ! ತಿಂಗಳಾಗುವ ಮೊದಲೇ ಪಾದ ಊದಿಸಿಕೊಂಡು, ಬಿಸಿಲಿಗೆ ಕರ್ರಗಾಗಿ, ನಗುತ್ತ ಮರಳಿದಳು. ಪಟವನ್ನು ಕೈಚಾಚಿ ದೂರ ಹಿಡಿದು ನೋಡಿದಳು.

"ಸಾಬ ಚಲೋ ತಗದಾನ. ಈ ಉಂಡಿ ಯಾವವು?"

ಸಾಹೇಬರ ಕೈ ತಪ್ಪಿದ್ದನ್ನು ಅವ್ವ ಹೇಳಿದಳು.

"ಅವ ಹಂಗಂದ್ನಾ?" ಆಯಿ ನನ್ನ ಕಡೆ ತಿರುಗಿದಳು. ಅವಳು ಆವತ್ತು ಕೂತದ್ದು ನಮಗೆ ಎದುರಾಗಿ. ಅಷ್ಟು ಜನರಲ್ಲಿ ಎಲ್ಲವನ್ನೂ ಕಂಡವಳು ಅವಳೊಬ್ಬಳೇ. ನನಗದು ಹೊಳೆದೇ ಇರಲಿಲ್ಲ. ಅವ್ವ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು: "ಲಿಂಗಸೂರಿಗೆ ಹೋಗಿ ಹೇಳಿ ಬಾ."

ಹೋದೆ. ಒಮ್ಮೆಯಲ್ಲ, ರಜೆ ರಜೆಗೂ ಹೋದೆ. ಚಹಾ ಕುಡಿದೆ. ಹೊಸ ಗಾಜುಗಳ ಬಗ್ಗೆ, ಯುದ್ಧದ ಬಗ್ಗೆ ಮಾತಾಡಿದೆ. ಆ ಒಂದು ಮಾತನ್ನು ಬಸ್ಸಿಗೆ ಹತ್ತುವಾಗ ಹೇಳೋಣವೆಂದು ಇಟ್ಟುಕೊಳ್ಳುತ್ತಿದ್ದೆ, ಬಸ್ಸು ಬರುತ್ತಿತ್ತು. ಹೀಗೆ ವರ್ಷಗಳು ಹೋದವು. ನಿಜಾಮರ ಆಳ್ವಿಕೆ ಮುಗಿದ ದಿನಗಳಲ್ಲಿ ಅವರ ಅಂಗಡಿಗೆ ಬೀಗ ಬಿದ್ದಿತ್ತು. ಹೈದರಾಬಾದಿಗೆ ಹೋದರು ಎಂದರು ಕೆಲವರು, ಇನ್ನೂ ದೂರ ಎಂದರು ಕೆಲವರು. ಯಾಕೆ ಹೋದರು ಎಂದು ಆಗ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಿನ್ನೆ ಮೊಮ್ಮಗನ ಹೆಂಡತಿ ಆ ಪಟವನ್ನು ಹಿಡಿದುಕೊಂಡು ಬಂದಳು. ಚೌಕಟ್ಟು ಗೆದ್ದಲು ತಿಂದಿದೆ, ಹೊಸದು ಹಾಕಿಸುತ್ತಾರಂತೆ.

"ಮುತ್ಯಾ, ಮ್ಯಾಲಿನ ಅಂಚು ಕಪ್ಪಾಗಿ ಕೆಟ್ಟೈತಿ. ಬೂಷ್ಟು ಹಿಡದೈತೇನೋ. ಅಷ್ಟು ಕತ್ತರಿಸಿ ಹಾಕಸ್ತೀವಿ, ನಡೀತದಲ್ರಿ?"

ಪಟವನ್ನು ಕಿಟಕಿಗೆ ಒಯ್ದೆ, ಭೂತಗನ್ನಡಿ ಹಿಡಿದೆ. ಇಷ್ಟು ವರ್ಷ ನಾನು ನೋಡಿದ್ದು ಆಯಿಯ ಮುಖವನ್ನು, ಆ ಬಿಲ್ಲೆಗಳನ್ನು. ಮೇಲಂಚನ್ನು ನೋಡಿರಲೇ ಇಲ್ಲ. ಬಿಳಿ ಆಕಾಶದ ಮೇಲೆ ಮಸುಕಾದ ಕಪ್ಪು, ಒಂದರ ಪಕ್ಕ ಒಂದು, ನಾಲ್ಕು ತುಂಡು. ಬೆರಳುಗಳು, ಕಾಕಾ ಚಾಚಿದ ಕೈಯವು. ಗಾಜಿಗೆ ತೀರ ಹತ್ತಿರವಿದ್ದದ್ದು ಹೀಗೆಯೇ ಮಸುಕಾಗಿ ಬರಬೇಕು, ವಿಜ್ಞಾನ ಅದನ್ನೇ ಹೇಳುತ್ತದೆ! ಬೂಷ್ಟೂ ಇರಬಹುದು. ಬೂಷ್ಟು ನಾಲ್ಕಾಗಿ ಬೆಳೆಯಬಾರದೆಂದೇನೂ ಇಲ್ಲ... ಕನ್ನಡಿ ಒರೆಸಿ ಮತ್ತೆ ನೋಡಿದೆ.

"ಕತ್ತರಿಸಬ್ಯಾಡವ್ವಾ," ಎಂದೆ. ಯಾಕೆ ಎಂದಳು. ಅವಳನ್ನು ಕೂರಿಸಿಕೊಂಡು ಛತ್ರಿಯ ಕಥೆ ಹೇಳಿದೆ. ಆಯಿ, ಕಾಕಾ ಬಿಟ್ಟರೆ ಇದು ಗೊತ್ತಾದದ್ದು ಅವಳಿಗೇ ಮೊದಲು. ಕೇಳಬೇಕಾದವರಿಗೆ ಹೇಳಲಾಗಲಿಲ್ಲ, ಅವರನ್ನು ಕಾಣದ ಹುಡುಗಿಗೆ ಹೇಳಿದೆ.

ಅವಳು ಮೇಲಂಚನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಆ ಸಾಹೇಬ್ರು ನೋಡಾಕ ಹೆಂಗಿದ್ರು ಮುತ್ಯಾ?"

ಹೇಳಲು ಬಾಯಿ ತೆರೆದೆ. ಗಡ್ಡವಿತ್ತೇ? ಎತ್ತರವೇ, ಗಿಡ್ಡವೇ? ದನಿ ಕೇಳಿಸಿತು, ಕರಿ ಬಟ್ಟೆ ಕಾಣಿಸಿತು. ಸಾವಿರ ಜನರ ಮುಖ ಉಳಿಸಿಕೊಟ್ಟವರ ಪಟವನ್ನು ಯಾರೂ ತೆಗೆದಿರಲಿಲ್ಲ.

"ನೆನಪಿಲ್ಲವ್ವಾ," ಎಂದೆ.